ಭಂಗಿ, ಬಿ.ಜಿ. ಫಾಸ್ ಮತ್ತು ನರ್ಸಬಾಯಿಯ ಡ್ಯೂಟಿ

ಹುಬ್ಬಳ್ಳಿಯಿಂದ ಅಂಕೋಲೆಯ ಕಡೆ ಹೊರಟರೆ, ಕಲಘಟಗಿಯ ಬಯಲು ಮುಗಿದು ಸಾಗುವಾನಿಯ ನೆರಳು ಶುರುವಾಗುವ ಹೊತ್ತಿಗೆ ಕಿರವತ್ತಿ ಸಿಗುತ್ತದೆ. ಯಲ್ಲಾಪುರ ತಾಲೂಕಿನ ಈ ಊರನ್ನು ಹೊರಗಿನವರು ಗುರುತಿಸುವುದು ಅರಣ್ಯ ಇಲಾಖೆಯ ನಾಟಾ ಡಿಪೊದಿಂದ. ಕಾನೂನಿನ ಇತಿಹಾಸ ನೋಡುವವರಿಗೆ ಅದು ಇನ್ನೊಂದು ಕಾರಣಕ್ಕೆ ಕುತೂಹಲದ ಊರು. ಊರು ಇದ್ದಲ್ಲೇ ಇತ್ತು, ಅದನ್ನು ಆಳುವ ಕಾಯ್ದೆ ಮಾತ್ರ ಮತ್ತೆ ಮತ್ತೆ ಬದಲಾಯಿತು. 1862ರವರೆಗೆ ಮದ್ರಾಸು ಪ್ರಾಂತ, ಆಮೇಲೆ ಮುಂಬಯಿ ಪ್ರಾಂತ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1985ರ ನಂತರ ಇಡೀ ದೇಶಕ್ಕೆ ಒಂದೇ ಆದ ಮಾದಕ ದ್ರವ್ಯಗಳ ಕಾಯ್ದೆ. ಗಾಂಜಾ ಗಿಡದ ಎಲೆಯಾದ ಭಂಗಿ ಸೊಪ್ಪು ಈ ಅವಧಿಯಲ್ಲಿ ಮದ್ದಾಯಿತು, ತೆರಿಗೆಯ ಬಾಬತ್ತಾಯಿತು, ಪರವಾನಗಿಯ ಸರಕಾಯಿತು, ಅಪರಾಧವೂ ಆಯಿತು. ಇವತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ಒಂದು ಪ್ರಶ್ನೆ ಎದ್ದಿದೆ: ವೈದ್ಯರ ಸಲಹೆಯ ಮೇಲೆ ಗಾಂಜಾದ ಔಷಧಿ ತೆಗೆದುಕೊಂಡ ನರ್ಸು, ಕೆಲಸದ ಜಾಗದ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಅವಳ ನೌಕರಿ ಉಳಿಯಬೇಕೇ? ಪ್ರಶ್ನೆ ನಮಗೆ ದೂರದ್ದೆಂದು ತೋರಬಹುದು. ಆದರೆ ಕಿರವತ್ತಿಯನ್ನು ಆಳಿದ ಸರಕಾರಗಳು ಇದರ ಹತ್ತಿರದ ಪ್ರಶ್ನೆಯನ್ನು ಎರಡು ಸಲ ಎದುರಿಸಿವೆ. ಮೈಯಲ್ಲಿ ಸಿಕ್ಕ ಗುರುತು ಬೇರೆ, ಕೆಲಸ ಕೆಡಿಸುವ ಅಮಲು ಬೇರೆ ಎಂದು ಎರಡೂ ಸಲ ಒಪ್ಪಬೇಕಾಗಿ ಬಂತು. ಆ ಎರಡು ಪ್ರಸಂಗಗಳನ್ನು ಮರೆತು ಪರೀಕ್ಷೆಯ ಯಂತ್ರವನ್ನಷ್ಟೇ ತರಿಸಿಕೊಂಡರೆ ಹಳೆಯ ತಪ್ಪನ್ನು ಹೊಸ ದುಡ್ಡು ಕೊಟ್ಟು ಕೊಂಡಂತಾಗುತ್ತದೆ ಎಂಬುದು ಇಲ್ಲಿನ ವಾದ.

ಮೊದಲು ಕೆಲಸದ ಜಾಗದಿಂದಲೇ ಶುರುಮಾಡೋಣ. ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದ್ದರ ಹಿಂದೆ ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದ ಬಂದರಿಗೆ ಇಳಿಸುವ ಆಸೆಯಿತ್ತು. ಗಾಡಿಗಳು ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯಬೇಕು. ದಾರಿಯುದ್ದಕ್ಕೂ ದಟ್ಟ ಕಾಡು, ಕಾಡಿನೊಳಗೆ ಚಳಿಜ್ವರ. ಈ ಸೀಮೆಯ ಮಲೇರಿಯಾ ಎಷ್ಟು ಕುಖ್ಯಾತವಾಗಿತ್ತೆಂದರೆ 1940ರ ದಶಕದಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಮುಂಬಯಿ ಪ್ರಾಂತದಲ್ಲಿ ಡಿಡಿಟಿ ಸಿಂಪಡಿಸುವ ಯೋಜನೆಗೆ ಕೈಹಾಕಿದಾಗ ಮೊದಲಿಗೆ ಆರಿಸಿಕೊಂಡದ್ದು ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳನ್ನು. ಅದಕ್ಕೆ ಅರ್ಧ ಶತಮಾನ ಹಿಂದೆ, 1893ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಒಂದು ಪ್ರಶ್ನೆಯ ಕಾರಣದಿಂದ ಭಾರತ ಸರಕಾರ ಗಾಂಜಾ, ಭಂಗಿ, ಚರಸ್‌ಗಳ ವಿಚಾರಣೆಗೆ ಆಯೋಗವೊಂದನ್ನು ಕೂಡಿಸಿತು. ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ದೇಶದಾದ್ಯಂತ 1,193 ಮಂದಿಯ ಹೇಳಿಕೆ ಪಡೆದು 1894ರಲ್ಲಿ ವರದಿ ಕೊಟ್ಟಿತು. ಶೀತದ, ಜ್ವರದ ಸೀಮೆಗಳಲ್ಲಿ ದುಡಿಯುವವರು ಕೆಟ್ಟ ನೀರು, ಕೆಟ್ಟ ಗಾಳಿ ತಡೆಯಲಿ ಎಂದು ಭಂಗಿ ಅಥವಾ ಗಾಂಜಾ ಬಳಸುತ್ತಾರೆಂದೂ, ಮೈಮುರಿಯುವ ಕೆಲಸದವರು ದಣಿವಿಗೆ ಚಿಲುಮೆ ಸೇದುತ್ತಾರೆಂದೂ, ಎತ್ತುಗಳಿಗೂ ಈ ಸೊಪ್ಪು ಮದ್ದಾಗುತ್ತದೆಂದೂ ಸಾಕ್ಷಿಗಳು ಹೇಳಿದರು. ಭಂಗಿಯಿಂದ ಮಲೇರಿಯಾ ನಿಲ್ಲುತ್ತದೆಂದು ಇವತ್ತು ಯಾರೂ ಹೇಳುವುದಿಲ್ಲ. ನಮಗೆ ಬೇಕಾದ ಸಂಗತಿ ಬೇರೆ. ಆ ಕಾಲದ ದುಡಿಯುವವನಿಗೆ ಮದ್ದಿಗೂ ಅಮಲಿಗೂ ನಡುವೆ ಗೆರೆ ಇರಲಿಲ್ಲ, ಕೂಲಿ ಕೊಡುವವನಿಗೂ ಆ ಗೆರೆ ಬೇಕಾಗಿರಲಿಲ್ಲ. ಸಂಜೆಯೊಳಗೆ ಗಾಡಿ ಘಟ್ಟ ಇಳಿಯಿತೇ ಇಲ್ಲವೇ ಎಂಬುದಷ್ಟೇ ಲೆಕ್ಕ. ಮಾಲೀಕನ ಈ ನಿರ್ಲಕ್ಷ್ಯವನ್ನು ಉದಾರತೆ ಎಂದು ತಿಳಿಯಬೇಕಾಗಿಲ್ಲ. ಕೂಲಿಯವನ ಮೈಗೆ ಏನಾದರೂ ಆದರೆ ಅವನ ಬದಲಿಗೆ ಇನ್ನೊಬ್ಬ ಸಿಗುತ್ತಿದ್ದ, ಅಷ್ಟೇ.

ಆಯೋಗದ ವರದಿಯಲ್ಲಿ ನಮ್ಮ ವಿಷಯಕ್ಕೆ ತೀರ ಹತ್ತಿರ ಬರುವ ಭಾಗ ಹುಚ್ಚಾಸ್ಪತ್ರೆಗಳ ಕುರಿತದ್ದು. ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆಂಬ ಮಾತಿಗೆ ಆಗ ಇದ್ದ ದೊಡ್ಡ ಆಧಾರ ಆಸ್ಪತ್ರೆಗಳ ಅಂಕಿಅಂಶ. ಮುಂಬಯಿ ಪ್ರಾಂತದ ಇಂಥ ಆಸ್ಪತ್ರೆಗಳಲ್ಲಿ ಕಿರವತ್ತಿಗೆ ಹತ್ತಿರದ್ದು 1845ರಲ್ಲಿ ಶುರುವಾದ ಧಾರವಾಡದ್ದು, ಅಂದರೆ ಈಗಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಮೂಲ. ದಾಖಲಾತಿಯ ಫಾರಮ್ಮಿನಲ್ಲಿ ‘ಕಾರಣ’ ಎಂಬ ಒಂದು ಖಾನೆ ಇರುತ್ತಿತ್ತು. ಅದನ್ನು ತುಂಬುತ್ತಿದ್ದುದು ಹೆಚ್ಚಾಗಿ ವೈದ್ಯರಲ್ಲ. ಬೀದಿಯಲ್ಲಿ ಅಲೆಯುತ್ತಿದ್ದವನನ್ನು ಹಿಡಿದು ತಂದ ಪೊಲೀಸರು, ಕಳಿಸಿಕೊಟ್ಟ ಮ್ಯಾಜಿಸ್ಟ್ರೇಟರ ಕಚೇರಿಯವರು. ಇವನು ಗಾಂಜಾ ಸೇದುತ್ತಿದ್ದನೇ ಎಂದು ಸಂಬಂಧಿಕರನ್ನು ಕೇಳುವುದು. ಹೌದು ಎಂದರೆ ಕಾರಣದ ಖಾನೆಯಲ್ಲಿ ಗಾಂಜಾ ಎಂದು ಬರೆಯುವುದು. ಖಾನೆ ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆ, ತುಂಬಿದರೆ ಯಾರೂ ಕೇಳುವುದಿಲ್ಲ. ಆಸ್ಪತ್ರೆಯ ಸೂಪರಿಂಟೆಂಡೆಂಟರು ಅದನ್ನೇ ವಾರ್ಷಿಕ ವರದಿಗೆ ಇಳಿಸಿಕೊಳ್ಳುತ್ತಿದ್ದರು. ಆಯೋಗ 1892ನೆಯ ಒಂದೇ ವರ್ಷದ 1,344 ದಾಖಲಾತಿಗಳನ್ನು ತೆಗೆದುಕೊಂಡು, ಗಾಂಜಾ ವರ್ಗದ ಮಾದಕವೇ ಕಾರಣವೆಂದು ಬರೆದಿದ್ದ 222 ಪ್ರಕರಣಗಳ ಬೆನ್ನು ಹತ್ತಿ ಊರುಮನೆಗಳಲ್ಲಿ ಮರುವಿಚಾರಣೆ ಮಾಡಿಸಿತು. ಅದು ಕಾರಣವಾಗಿದ್ದಿರಬಹುದು ಎಂದು ಒಪ್ಪಬಹುದಾದವು ಕೊನೆಗೆ ಉಳಿದದ್ದು 98. ಬೇರೆ ಯಾವ ಕಾರಣವೂ ಬೆರೆಯದವು 61. ಸೇದಿದ್ದು ಹಲವರ ಮಟ್ಟಿಗೆ ನಿಜವೇ ಇದ್ದೀತು. ಸೇದಿದ್ದರಿಂದಲೇ ತಲೆ ಕೆಟ್ಟಿತು ಎಂಬುದು ಮಾತ್ರ ಖಾನೆ ತುಂಬಿದವನ ಊಹೆ. ಇದು ಮೊದಲ ಪ್ರಸಂಗ. ಗುಮಾಸ್ತನ ಆ ಖಾನೆಗೂ ಇವತ್ತಿನ ಲ್ಯಾಬಿನ ‘ಪಾಸಿಟಿವ್’ ಎಂಬ ಮುದ್ರೆಗೂ ಹತ್ತಿರದ ನೆಂಟಸ್ತಿಕೆಯಿದೆ.

ಇಲ್ಲಿ ಒಂದು ಆಕ್ಷೇಪಣೆ ಸಹಜ. ಆಯೋಗ ನೇಮಿಸಿದ್ದು ಅಬಕಾರಿ ಆದಾಯ ಉಣ್ಣುತ್ತಿದ್ದ ಸರಕಾರ. ಮುಂಬಯಿಯ 1878ರ ಅಬಕಾರಿ ಕಾಯ್ದೆಯಡಿ ಗಾಂಜಾ ಮಾರಾಟವೂ ಲೈಸೆನ್ಸಿನ ವ್ಯವಹಾರವೇ. ನಿಷೇಧ ಬೇಡ, ತೆರಿಗೆ ಹಾಕಿ ಹದ್ದುಬಸ್ತಿನಲ್ಲಿಡಿ ಎಂಬ ತೀರ್ಮಾನ ಖಜಾನೆಗೆ ಹಿತವಾಗಿಯೇ ಇತ್ತು. ಇದು ಖರೆ. ಆಯೋಗದ ಶಿಫಾರಸನ್ನು ವೇದವಾಕ್ಯ ಮಾಡಿಕೊಳ್ಳುವವರು, ಈಗ ಅಂಥವರು ಹೆಚ್ಚುತ್ತಿದ್ದಾರೆ, ಇದನ್ನು ನೆನಪಿಡಬೇಕು. ಆದರೆ ಖಾನೆಯ ಪರೀಕ್ಷೆ ಶಿಫಾರಸಿಗಿಂತ ಬೇರೆ ಬಗೆಯದು. ಒಂದೊಂದೇ ಪ್ರಕರಣವನ್ನು ಹಿಂಬಾಲಿಸಿ ಇಲ್ಲಿ ಸಾಕ್ಷ್ಯವಿದೆ, ಇಲ್ಲಿ ಇಲ್ಲ ಎಂದು ವಿಂಗಡಿಸಿದ ಕೆಲಸವನ್ನು ಮಾಡಿದವನ ಹಿತಾಸಕ್ತಿಯಿಂದ ತಳ್ಳಿಹಾಕಲಾಗದು. ತಳ್ಳಿಹಾಕಬೇಕಾದರೆ ಆ ಪ್ರಕರಣಗಳನ್ನೇ ಮತ್ತೆ ತೆರೆದು ತೋರಿಸಬೇಕು. ಮೇಲಾಗಿ 98 ಎಂಬುದು ಸೊನ್ನೆಯಲ್ಲ. ಅತಿ ಬಳಕೆಯಿಂದ ಹಾನಿಯುಂಟು ಎಂಬುದನ್ನು ಆಯೋಗವೇ ಒಪ್ಪಿತ್ತು.

ಮದ್ದಿನ ಕಥೆ ಇದಕ್ಕಿಂತ ಹಳೆಯದು. ಶಾರ್ಙ್ಗಧರ ಸಂಹಿತೆಯ ಕಾಲದಿಂದ ನಮ್ಮ ಪಂಡಿತರ ಕೈಯಲ್ಲಿರುವ ಜಾತೀಫಲಾದಿ ಚೂರ್ಣದಲ್ಲಿ ಜಾಯಿಕಾಯಿ, ಲವಂಗ, ಏಲಕ್ಕಿ, ಹಿಪ್ಪಲಿ ಮುಂತಾದ ಎಲ್ಲವನ್ನೂ ಸಮತೂಕ ತೆಗೆದುಕೊಂಡು, ಅವೆಲ್ಲದರ ಒಟ್ಟು ತೂಕದಷ್ಟು ಭಂಗಿಯನ್ನು ಸೇರಿಸುತ್ತಾರೆ. ಗ್ರಹಣಿಗೆ, ಕೆಮ್ಮಿಗೆ ಅದು ಮದ್ದು. ಸೊಪ್ಪನ್ನು ಹಾಗೆಯೇ ಹಾಕುವಂತಿಲ್ಲ, ಶೋಧಿಸಬೇಕು: ಬಟ್ಟೆಯಲ್ಲಿ ಗಂಟು ಕಟ್ಟಿ, ನೀರಿನಲ್ಲಿ ಅದ್ದಿ ಹಿಂಡಿ, ಹಸಿರು ಬಿಡುವುದು ನಿಲ್ಲುವವರೆಗೆ ತೊಳೆದು, ಒಣಗಿಸಿ, ಆಕಳ ತುಪ್ಪದಲ್ಲಿ ಹದವಾಗಿ ಹುರಿಯಬೇಕು. (ಅಮಲಿನ ಅಂಶ ನೀರಿಗೆ ಕರಗುವುದಿಲ್ಲ, ಕೊಬ್ಬಿಗೆ ಕರಗುತ್ತದೆ ಎಂದು ಇಂದಿನ ರಸಾಯನಶಾಸ್ತ್ರ ಹೇಳುತ್ತದೆ. ಹಾಗಾಗಿ ನೀರಿಗೆ ಹೋಗುವುದು ಬಣ್ಣ ಮತ್ತು ಕಹಿ, ಸತ್ವವಲ್ಲ.) ಮೊದಲು ಮೈಯೆಲ್ಲ ವ್ಯಾಪಿಸಿ ಆಮೇಲೆ ಪಚನವಾಗುವ ದ್ರವ್ಯಕ್ಕೆ ಅದೇ ಗ್ರಂಥ ‘ವ್ಯವಾಯಿ’ ಎಂದು ಹೆಸರಿಟ್ಟು ಭಂಗಿ ಮತ್ತು ಅಫೀಮನ್ನು ಉದಾಹರಿಸುತ್ತದೆ. ಪಾಶ್ಚಾತ್ಯ ವೈದ್ಯಕ್ಕೆ ಈ ಗಿಡ ಹೊಕ್ಕಿದ್ದು 1839ರಲ್ಲಿ ಕಲ್ಕತ್ತೆಯ ಡಬ್ಲ್ಯು.ಬಿ. ಓಶಾನೆಸ್ಸಿ ಸಂಧಿವಾತ, ಧನುರ್ವಾಯು, ಕಾಲರಾ ರೋಗಿಗಳ ಮೇಲಿನ ತನ್ನ ಪ್ರಯೋಗಗಳನ್ನು ಪ್ರಕಟಿಸಿದ ಮೇಲೆ. ಆಮೇಲೆ ಅದರ ಟಿಂಕ್ಚರು ಬ್ರಿಟಿಷ್ ಫಾರ್ಮಾಕೋಪಿಯಾಕ್ಕೂ ಸೇರಿ 1932ರವರೆಗೆ ಉಳಿಯಿತು. ಆಯುರ್ವೇದದ ಲೆಕ್ಕದಲ್ಲಿ ಅದು ಇಂದಿಗೂ ಮದ್ದೇ. 1940ರ ಔಷಧ ಕಾಯ್ದೆಯ ನಿಯಮಗಳ ಇ(1) ಪರಿಶಿಷ್ಟದಲ್ಲಿ, ವತ್ಸನಾಭಿ, ದತ್ತೂರಗಳ ಜೊತೆ, ವೈದ್ಯರ ನಿಗಾದಲ್ಲೇ ಸೇವಿಸಬೇಕಾದ ಪದಾರ್ಥವಾಗಿ ಭಂಗಿ ಕೂತಿದೆ.

ಎರಡನೆಯ ಪ್ರಸಂಗ ಗಾಂಜಾದ್ದಲ್ಲ, ಸಾರಾಯಿಯದು. ಆದರೂ ನರ್ಸಿನ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ನಿದರ್ಶನ ನಮ್ಮ ಕಾನೂನಿನಲ್ಲಿ ಸಿಗುವುದು ಕಷ್ಟ. 1949ರ ಮುಂಬಯಿ ಪಾನನಿಷೇಧ ಕಾಯ್ದೆಯಡಿ 1950ರ ಏಪ್ರಿಲ್‌ನಲ್ಲಿ ಸಂಪೂರ್ಣ ಪಾನನಿಷೇಧ ಬಂದಾಗ ಕಿರವತ್ತಿಯೂ ಮುಂಬಯಿ ರಾಜ್ಯದಲ್ಲಿಯೇ ಇತ್ತು. ಕುಡಿದು ಗಲಾಟೆ ಮಾಡುವುದಿರಲಿ, ಪರವಾನಗಿ ಇಲ್ಲದೆ ಕುಡಿಯುವುದೇ ಅಪರಾಧ. ಆದರೆ ಆಲ್ಕೋಹಾಲು ಟಾನಿಕ್ಕುಗಳಲ್ಲೂ ಇರುತ್ತದಲ್ಲ? 1951ರ ಬಲ್ಸಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಮುಖ್ಯ ಭಾಗವನ್ನು ಎತ್ತಿಹಿಡಿದು, ಆಲ್ಕೋಹಾಲಿರುವ ಔಷಧಿಗಳನ್ನು ನಿಷೇಧಿಸುವ ಮಟ್ಟಿಗೆ ಮಾತ್ರ ಅದನ್ನು ಅಸಿಂಧು ಎಂದಿತು. ಅದೇ ವಾರದಲ್ಲಿ ಮುಂಬಯಿಯ ಕೊಲಾಬಾದಲ್ಲಿ ಒಂದು ಜೀಪು ಜನರಿಗೆ ಡಿಕ್ಕಿ ಹೊಡೆಯಿತು. ಓಡಿಸುತ್ತಿದ್ದವರು ಪ್ರಾದೇಶಿಕ ಸಾರಿಗೆ ಅಧಿಕಾರಿ ಪೆಸಿಕಾಕಾ. ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು. ಪರೀಕ್ಷಿಸಿದ ವೈದ್ಯರು ವಾಸನೆಯನ್ನು ಬರೆದುಕೊಂಡರು, ಜೊತೆಗೇ ಮಾತು ಸರಿಯಾಗಿದೆ, ನೇರ ಗೆರೆಯ ಮೇಲೆ ನಡೆಯಬಲ್ಲರು, ಅಮಲಿನಲ್ಲಿಲ್ಲ ಎಂದೂ ಬರೆದರು. ಊಟದ ನಂತರ ಬಿ.ಜಿ. ಫಾಸ್ ಎಂಬ ಟಾನಿಕ್ ಕುಡಿದಿದ್ದೆ, ಅದರಲ್ಲಿ ಆಲ್ಕೋಹಾಲಿದೆ ಎಂಬುದು ಆರೋಪಿಯ ಉತ್ತರ. ಕೆಳಗಿನ ಕೋರ್ಟು ಬಿಟ್ಟಿತು, ಹೈಕೋರ್ಟು ಶಿಕ್ಷೆ ಕೊಟ್ಟಿತು, 1954ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದುಮಾಡಿತು. ವಾಸನೆ ಬಂದರೆ ಆಲ್ಕೋಹಾಲು ಹೊಟ್ಟೆಗೆ ಹೋಗಿದೆ ಎಂದಾಯಿತು. ಹೋದದ್ದು ನಿಷೇಧಿತ ಮದ್ಯವೇ ಎಂದು ತೋರಿಸುವ ಹೊಣೆ ಸರಕಾರದ್ದು.

ಈ ತೀರ್ಪನ್ನು ತಪ್ಪಿಸಿಕೊಳ್ಳಲು ಮುಂಬಯಿ ಸರಕಾರ 1959ರಲ್ಲಿ ಕಾಯ್ದೆ ತಿದ್ದಿತು. ರಕ್ತದಲ್ಲಿ ಆಲ್ಕೋಹಾಲು ಶೇಕಡಾ 0.05ಕ್ಕೆ ಕಡಿಮೆಯಿಲ್ಲದಷ್ಟು ಸಿಕ್ಕರೆ, ಅದು ಔಷಧಿಯಿಂದ ಬಂದದ್ದೆಂದು ತೋರಿಸುವ ಹೊಣೆ ಈಗ ಆರೋಪಿಯ ಮೇಲೆ. ಅಷ್ಟರಲ್ಲಿ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾಗಿತ್ತು. ತಿದ್ದುಪಡಿಯಲ್ಲೂ ಎರಡು ಸಂಗತಿ ಉಳಿದದ್ದನ್ನು ಗಮನಿಸಬೇಕು. ಮಿತಿಗೊಂದು ಅಂಕಿಯಿದೆ, ಎಲ್ಲಿಂದಲೋ ಬಂದ ಒಂದು ಹನಿ ಸಾಲದು. ಮತ್ತು ಔಷಧಿ ಎಂಬ ಉತ್ತರಕ್ಕೆ ಬಾಗಿಲು ತೆರೆದೇ ಇದೆ. ನೌಕರರ ನಡತೆ ನಿಯಮಗಳು ಇದಕ್ಕಿಂತ ಸರಳ. ಕೇಂದ್ರ ನೌಕರರ 1964ರ ನಿಯಮಗಳಲ್ಲಿ 22ನೆಯದು ಡ್ಯೂಟಿಯಲ್ಲಿರುವಾಗ ಮಾದಕದ ಪ್ರಭಾವಕ್ಕೆ ಒಳಗಾಗಿರಬಾರದು, ಕರ್ತವ್ಯಕ್ಕೆ ಅದರಿಂದ ಬಾಧೆಯಾಗದಂತೆ ನೋಡಿಕೊಳ್ಳಬೇಕು ಎನ್ನುತ್ತದೆ; ರಾಜ್ಯದ ನಿಯಮಗಳೂ ಇದೇ ಜಾಡಿನವು. ಹಳ್ಳಿಯ ಜನ ಇಂದಿಗೂ ನರ್ಸಬಾಯಿ ಎಂದೇ ಕರೆಯುವ, ಸರಕಾರಿ ಕಾಗದದಲ್ಲಿ ಈಗ ಶುಶ್ರೂಷಾಧಿಕಾರಿಯೋ ಆರೋಗ್ಯ ಸುರಕ್ಷಾಧಿಕಾರಿಯೋ ಆಗಿರುವ ಹೆಣ್ಣುಮಗಳಿಗೆ ಅನ್ವಯಿಸುವ ಮಾತು ಇಷ್ಟೇ. ನಿಯಮ ಕೇಳುವುದು ಅವಳ ಕೈ ನಡುಗುತ್ತಿದೆಯೇ ಎಂದು, ಅವಳ ಮೂತ್ರದಲ್ಲಿ ಏನಿದೆ ಎಂದಲ್ಲ.

ಮೂತ್ರದ ಶೀಶೆಯ ಇತಿಹಾಸ ಅಮೆರಿಕದ್ದು. 1986ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ರೇಗನ್ ಫೆಡರಲ್ ನೌಕರರ ಕಚೇರಿಗಳು ಮಾದಕಮುಕ್ತವಾಗಿರಬೇಕೆಂದು ಆಜ್ಞೆ ಹೊರಡಿಸಿದರು; 1988ರಲ್ಲಿ ಅದಕ್ಕೆ ಕಾನೂನೊಂದು ಜೊತೆಯಾಯಿತು. ಖಾಸಗಿ ಕಂಪನಿಗಳೂ ಆಸ್ಪತ್ರೆಗಳೂ ಇದೇ ದಾರಿ ಹಿಡಿದವು. ಗಾಂಜಾದ ವಿಷಯದಲ್ಲಿ ಈ ಪರೀಕ್ಷೆ ಹುಡುಕುವುದು ಅಮಲೇರಿಸುವ ಟಿಎಚ್‌ಸಿಯನ್ನಲ್ಲ, ದೇಹ ಅದನ್ನು ಮುರಿದಾಗ ಉಳಿಯುವ, ಅಮಲಿಲ್ಲದ ಒಂದು ಅವಶೇಷವನ್ನು. ಮೊದಲ ಸುತ್ತಿನಲ್ಲಿ ಒಂದು ಮಿಲಿಲೀಟರಿಗೆ 50 ನ್ಯಾನೋಗ್ರಾಂ, ಖಚಿತಪಡಿಸುವ ಸುತ್ತಿನಲ್ಲಿ 15 ನ್ಯಾನೋಗ್ರಾಂ ಎಂಬುದು ಅಲ್ಲಿನ ಫೆಡರಲ್ ಮಿತಿ. ಸೇದಿದ ಅಮಲು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಕೊಬ್ಬಿನಲ್ಲಿ ಕೂತ ಟಿಎಚ್‌ಸಿಯ ಅವಶೇಷ ಮಾತ್ರ ಅಪರೂಪಕ್ಕೆ ಬಳಸುವವರಲ್ಲಿ ಕೆಲವು ದಿನ, ನಿತ್ಯ ಬಳಸುವವರಲ್ಲಿ ವಾರಗಟ್ಟಲೆ ಇಳಿಯುತ್ತಿರುತ್ತದೆ. ಮದ್ಯದ ಉಸಿರಿನ ಯಂತ್ರ ಈ ಗಳಿಗೆಯ ಅಮಲಿನ ಆಸುಪಾಸನ್ನಾದರೂ ಹೇಳುತ್ತದೆ. ಗಾಂಜಾದ ಮೂತ್ರ ಪರೀಕ್ಷೆ ಕಳೆದ ವಾರಗಳ ಜಾತಕ ಓದುತ್ತದೆ. 1996ರಲ್ಲಿ ಕ್ಯಾಲಿಫೋರ್ನಿಯಾ ವೈದ್ಯಕೀಯ ಗಾಂಜಾಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಒಂದೊಂದಾಗಿ ರಾಜ್ಯಗಳು ಹಿಂಬಾಲಿಸಿದವು, ಫೆಡರಲ್ ನಿಷೇಧ ಮಾತ್ರ ಉಳಿಯಿತು. ಕೊಲೊರಾಡೊದಲ್ಲಿ ಕೈಕಾಲು ಸ್ವಾಧೀನವಿಲ್ಲದ ಒಬ್ಬ ಟೆಲಿಫೋನ್ ಸಿಬ್ಬಂದಿ ವೈದ್ಯಕೀಯ ಗಾಂಜಾ ಬಳಸುತ್ತಿದ್ದ, ಅದೂ ಮನೆಯಲ್ಲಿ. ಪರೀಕ್ಷೆಯಲ್ಲಿ ಸಿಕ್ಕಿ ನೌಕರಿ ಕಳೆದುಕೊಂಡ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ವಜಾ ಮಾಡಿದ್ದನ್ನು ಎತ್ತಿಹಿಡಿಯಿತು. ಕ್ಯಾಲಿಫೋರ್ನಿಯಾ ಇನ್ನೊಂದು ದಿಕ್ಕಿಗೆ ತಿರುಗಿ, 2024ರ ಜನವರಿ 1ರಿಂದ ಅಮಲಿಲ್ಲದ ಅವಶೇಷವನ್ನಷ್ಟೇ ಹಿಡಿದು ನೌಕರರ ಮೇಲೆ ಕ್ರಮ ಜರುಗಿಸುವುದನ್ನು ನಿರ್ಬಂಧಿಸಿದೆ. ಪೆಸಿಕಾಕಾ ತೀರ್ಪಿನ ತರ್ಕಕ್ಕೆ ಅವರು ಬರಲು ಎಪ್ಪತ್ತು ವರ್ಷ ಹಿಡಿಯಿತು ಎನ್ನುವ ಆಸೆಯಾಗುತ್ತದೆ.

ಆಸೆಗೆ ಕಡಿವಾಣ ಬೇಕು. ಪೆಸಿಕಾಕಾ ಮೊಕದ್ದಮೆ ಕ್ರಿಮಿನಲ್ ಶಿಕ್ಷೆಯದು, ಸಂಶಯದ ಲಾಭ ಆರೋಪಿಗೆ ಸಲ್ಲಬೇಕು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ರೋಗಿ ಮಾತ್ರ ಸಂಶಯದ ಲಾಭ ನನಗೆ ಇರಲಿ ಎನ್ನುತ್ತಾನೆ, ಅದು ನ್ಯಾಯವೂ ಹೌದು. ಇನ್ಸುಲಿನ್ನಿನ ಒಂದು ದಶಮಾಂಶ ಬಿಂದು ಆಚೀಚೆಯಾದರೆ ಜೀವ ಹೋಗಬಹುದು. ವಿಮಾನದ ಪೈಲಟ್‌ಗಳಿಗೂ ಸಂಚಾರ ನಿಯಂತ್ರಕರಿಗೂ ನಾಗರಿಕ ವಿಮಾನಯಾನ ನಿರ್ದೇಶನಾಲಯ (ಡಿಜಿಸಿಎ) 2022ರ ಜನವರಿ 31ರಿಂದ ಮಾದಕ ಪರೀಕ್ಷೆ ತಂದಿರುವಾಗ ನರ್ಸಿಗೆ ಯಾಕೆ ಬೇಡ ಎಂಬ ಪ್ರಶ್ನೆಯನ್ನು ಲಘುವಾಗಿ ತಳ್ಳುವಂತಿಲ್ಲ. ಈಗ ಸಿಗುವ ಗಾಂಜಾ ಆಯೋಗದ ಕಾಲದ್ದಕ್ಕಿಂತ ಬಲವಾಗಿರಬಹುದು ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಇದೆಲ್ಲ ಒಪ್ಪಿದ ಮೇಲೂ ಉತ್ತರ ಶೀಶೆಯ ಕಡೆ ವಾಲುವುದಿಲ್ಲ, ಏಕೆಂದರೆ ರೋಗಿಗೆ ಬೇಕಾದ ಭರವಸೆ ಈ ರಾತ್ರಿಯದು. ಹದಿನೈದು ದಿನದ ಹಿಂದಿನ ಚೂರ್ಣವನ್ನು ಹಿಡಿಯುವ ಪರೀಕ್ಷೆ, ಎರಡು ಪಾಳಿ ಒಂದೇಸಮ ದುಡಿದು ಕಣ್ಣು ಕೂಡುತ್ತಿರುವ ನರ್ಸನ್ನು ಪಾಸು ಮಾಡುತ್ತದೆ. ಅಲರ್ಜಿಯ ಗುಳಿಗೆ ನುಂಗಿ ಮಂಕಾದವಳನ್ನೂ ಪಾಸು ಮಾಡುತ್ತದೆ. ಕೆಲಸಕ್ಕೆ ತಕ್ಕ ಸ್ಥಿತಿಯಲ್ಲಿದ್ದಾಳೆಯೇ ಎಂದು ಪಾಳಿಯ ಆರಂಭದಲ್ಲಿ ನೋಡುವುದು, ಸಂಶಯ ಬಂದಾಗ ವೈದ್ಯರಿಂದ ತಪಾಸಣೆ ಮಾಡಿಸುವುದು, ತೆಗೆದುಕೊಳ್ಳುವ ಮದ್ದನ್ನು ಮುಚ್ಚಿಡದೆ ಹೇಳಲು ಅವಕಾಶ ಕೊಡುವುದು — ಇವು ಹೆಚ್ಚು ತ್ರಾಸಿನ ಕೆಲಸ, ಲ್ಯಾಬಿಗೆ ಶೀಶೆ ಕಳಿಸಿದಷ್ಟು ಸುಲಭವಲ್ಲ. 1892ರಲ್ಲೂ ಖಾನೆ ತುಂಬುವುದೇ ಸುಲಭವಾಗಿತ್ತು.

ನಮ್ಮಲ್ಲಿ ನರ್ಸುಗಳಿಗೆ ಇಂಥ ಕಡ್ಡಾಯ ಪರೀಕ್ಷೆ ಇನ್ನೂ ಇಲ್ಲ. ಆದರೆ ಪ್ರಶ್ನೆ ಬಾಗಿಲಿಗೆ ಬಂದಿದೆ. 1985ರ ಕಾಯ್ದೆ ಗಾಂಜಾ ಎಂದರೆ ಹೂಗೊಂಚಲು ಎನ್ನುತ್ತದೆ. ಗೊಂಚಲಿನ ಜೊತೆಗಿಲ್ಲದ ಎಲೆಯನ್ನೂ ಬೀಜವನ್ನೂ ಹೊರಗಿಡುತ್ತದೆ. ಹಾಗಾಗಿಯೇ 2022ರಲ್ಲಿ ಕರ್ನಾಟಕ ಹೈಕೋರ್ಟು ಜಾಮೀನು ಅರ್ಜಿಯೊಂದರಲ್ಲಿ ಭಂಗಿ ಈ ಕಾಯ್ದೆಯ ವ್ಯಾಖ್ಯೆಗೆ ಬರುವುದಿಲ್ಲ ಎಂದಿತು. ರಾಜ್ಯದ ಅಬಕಾರಿ ಕಾಯ್ದೆಯ ಮಾತು ಬೇರೆ. 2020ರಲ್ಲಿ ಬೆಂಗಳೂರಿನಲ್ಲಿ ಆಯುರ್ವೇದ ‘ವಿಜಯಾ’ ಎಂದು ಕರೆಯುವ ಭಂಗಿಯ ಔಷಧಿಗಳಿಗೆಂದೇ ಕ್ಲಿನಿಕ್ ಒಂದು ತೆರೆಯಿತು. ಅಂದರೆ ಯಲ್ಲಾಪುರದ ಪಂಡಿತರು ಗ್ರಹಣಿಗೆ ಕೊಟ್ಟ ಚೂರ್ಣವನ್ನು ನರ್ಸೊಬ್ಬಳು ನೆಟ್ಟಗೆ ಕಾನೂನಿನೊಳಗೇ ತಿನ್ನಬಹುದು. ಅಮೆರಿಕಕ್ಕೋ ಗಲ್ಫಿಗೋ ಹೊರಟು ಅಲ್ಲಿ ಶೀಶೆ ಕೊಡಬೇಕಾಗಿ ಬಂದರೆ ಅದೇ ಚೂರ್ಣ ಅವಳಿಗೆ ಮುಳುವಾಗಬಹುದು. ಆ ಯಂತ್ರಕ್ಕೆ ಎಲೆ, ಹೂ, ಮದ್ದು, ಚಿಲುಮೆ ಎಂಬ ಭೇದ ತಿಳಿಯದು.

ಆಸ್ಪತ್ರೆ ನಿಜಕ್ಕೂ ಹೆದರಬೇಕಾದ ಜಾಗ ಔಷಧಿಯ ಬೀರು. 2014ರಲ್ಲಿ 1985ರ ಕಾಯ್ದೆಯನ್ನು ತಿದ್ದಿ ಮಾರ್ಫೀನ್, ಫೆಂಟನಿಲ್ ಮೊದಲಾದವನ್ನು ಅವಶ್ಯಕ ಮಾದಕ ಔಷಧಿಗಳೆಂದು ಕರೆದು ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ದಾರಿ ಸುಗಮಗೊಳಿಸಿದ ಮೇಲೆ, ಕ್ಯಾನ್ಸರಿನ ನೋವಿಗೆ ಅವು ಮೊದಲಿಗಿಂತ ಸುಲಭವಾಗಿ ಸಿಗಬೇಕು, ಸಿಗಲಿ. ಅವುಗಳನ್ನು ಕದಿಯುವವರು ತಾವೇ ಬಳಸಬೇಕೆಂದಿಲ್ಲ, ಮಾರಲೂಬಹುದು. ಮಾರುವವಳ ಮೂತ್ರ ಶುದ್ಧವಾಗಿಯೇ ಇರುತ್ತದೆ. ಅವಳನ್ನು ಹಿಡಿಯುವುದು ಆಂಪ್ಯೂಲಿನ ಲೆಕ್ಕದ ಪುಸ್ತಕ: ರೋಗಿಯ ಹೆಸರು, ಕೊಟ್ಟ ಪ್ರಮಾಣ, ಉಳಿದದ್ದು, ಚೆಲ್ಲಿದ್ದು, ಕೊಟ್ಟವರ ಸಹಿ, ಕಂಡವರ ಸಹಿ. ಪರೀಕ್ಷೆಗೆಂದು ದುಡ್ಡು ತೆಗೆದಿಡುವ ಆಡಳಿತ ಮೊದಲು ಈ ಕೊನೆಯ ಖಾನೆಯನ್ನು ನೋಡಬೇಕು. ರಾತ್ರಿ ಪಾಳಿಗೆ ಒಬ್ಬಳೇ ನರ್ಸು ಇರುವ ವಾರ್ಡಿನಲ್ಲಿ ಎರಡನೆಯ ಸಹಿಯನ್ನು ಬೆಳಿಗ್ಗೆ ಬಂದವರು ಯಾವುದನ್ನೂ ಕಾಣದೆ ಹಾಕುತ್ತಾರೆ.